ಕೋರ್ಟಿನ ಆದೇಶ ಬೈನಾದ ಮನೆ ಬಾಗಿಲಿಗೆ ಮುಟ್ಟಬೇಕು: ಪರಿಸರ ಕಾನೂನು ಸಂಸ್ಥೆಯಲ್ಲಿ ಸಂವಹನ ನೋಡಿಕೊಳ್ಳುವವರಿಗೆ

ಗೋವಾದ ವಾಸ್ಕೋ ಊರಿನ ಬೈನಾದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಬಾಗಲಕೋಟೆ ಕಡೆಯವರು, ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಬೆಳಿಗ್ಗೆ ಹಿಟ್ಟು ನಾದುವುದಕ್ಕೆ ಮೊದಲು ಕಿಟಕಿ ಕಟ್ಟೆ ಒರೆಸಬೇಕು. ಒದ್ದೆ ಬಟ್ಟೆ ಒಂದೇ ಸಲಕ್ಕೆ ಕಪ್ಪಾಗುತ್ತದೆ, ಹಿಂಡಿದರೆ ಬಕೆಟ್ಟಿನ ನೀರೂ ಕಪ್ಪು. ಮುರಗಾಂವ್ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲಿನ ಮಸಿ ಅದು. 2022ರ ಮೇ 9ರಂದು ಸುಪ್ರೀಂ ಕೋರ್ಟಿನ ಆದೇಶ ಬಂದಾಗ ನಾನು ಓಡಿ ಹೋಗಿ ಅವರಿಗೆ ಹೇಳಿದ್ದೆ. ಒಂದು ವಾರ ಬಿಟ್ಟು ಅದೇ ಬಟ್ಟೆ ಹಿಡಿದುಕೊಂಡು ಕೇಳಿದರು: "ಕೋರ್ಟ್ ನಿಂದ್ರಿಸೇತಿ ಅಂದಿದ್ದಿ ನೀ. ಮತ್ತ ಈ ಮಸಿ ಯಾಕ ಬರಾಕತ್ತೈತಿ ತಂಗಿ?"

ಕೋರ್ಟು ನಿಲ್ಲಿಸಿದ್ದು ಮಸಿಯನ್ನಲ್ಲ. ಕರ್ನಾಟಕದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೆಂವರೆಗೆ ಕಾಡಿನ ನಡುವೆ ಎರಡನೇ ರೈಲು ಹಳಿ ಹಾಕಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು, ಅಷ್ಟೇ. ರೈಲ್ವೆಯವರು ಸರಿಯಾಗಿ ಅಧ್ಯಯನ ಮಾಡಿಸಿ ಹೊಸದಾಗಿ ಪ್ರಸ್ತಾವ ಕೊಡಬಹುದು ಅಂತಲೂ ಅದರಲ್ಲೇ ಇದೆ. ಇರುವ ಹಳಿಯ ಮೇಲೆ ಕಲ್ಲಿದ್ದಲು ಎಂದಿನಂತೆ ಘಟ್ಟ ಹತ್ತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಹೋಗುತ್ತಲೇ ಇತ್ತು. ಆ ಕೇಸು ಗೋವಾ ಫೌಂಡೇಶನ್ ಅನ್ನುವ ಪರಿಸರ ಸಂಸ್ಥೆಯದು, ನಮ್ಮ ಸಂಸ್ಥೆಯದಲ್ಲ. ಆದರೆ ಅಕ್ಕನಿಗೆ ತಪ್ಪಾಗಿ ಹೇಳಿದವಳು ನಾನು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯಿಂದಲೇ ಶುರುವಾಗುತ್ತದೆ. ಆದೇಶದಲ್ಲಿ ಏನಿದೆಯೋ ಅಷ್ಟನ್ನೇ ಹೇಳಬೇಕು, ಆದರೆ ಮಸಿ ಒರೆಸುವವರಿಗೆ ಅರ್ಥವಾಗುವ ಹಾಗೆ ಹೇಳಬೇಕು.

ಮೊದಲ ತಿಂಗಳು ಏನೂ ಬರೆಯಬೇಡಿ. ವಕೀಲರ ಪಕ್ಕ ಕುರ್ಚಿ ಹಾಕಿಕೊಂಡು ಅರ್ಜಿಗಳನ್ನು ಓದಿ. ಅರ್ಜಿಯ ಕೊನೆಯಲ್ಲಿ "ನಮ್ಮ ಕೋರಿಕೆ" ಅಂತ ಒಂದು ಭಾಗ ಇರುತ್ತದೆ, ಅದನ್ನು ಎರಡು ಸಲ ಓದಿ. ನಾವು ಕೇಳಿದ್ದೇನು ಅಂತ ಗೊತ್ತಿಲ್ಲದಿದ್ದರೆ ಸಿಕ್ಕಿದ್ದು ಎಷ್ಟು ಅಂತ ಹೇಗೆ ಹೇಳುತ್ತೀರಿ? ಆಮೇಲೆ ಒಂದು ಶೀಟ್ ಮಾಡಿ. ಯಾವ ಕೇಸು, ಯಾವ ಕೋರ್ಟು, ಕೇಳಿದ್ದೇನು, ಕಳೆದ ಸಲ ಏನಾಯಿತು, ಮುಂದಿನ ತಾರೀಕು ಯಾವುದು, ಪತ್ರಿಕೆಯವರ ಜೊತೆ ಯಾರು ಮಾತಾಡಬಹುದು. ನನ್ನ ತಂಡದಲ್ಲಿ ಎಲ್ಲರ ಫೋನಿನಲ್ಲೂ ಈ ಶೀಟ್ ಇದೆ. ಪರಿಸರದ ಕೇಸುಗಳನ್ನೇ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಗೋವಾದಿಂದ ಹಾಕುವ ಕೇಸುಗಳು ಅದರ ಪುಣೆಯ ಪೀಠಕ್ಕೆ ಹೋಗುತ್ತವೆ, ಹೈಕೋರ್ಟಿನವು ಪೊರ್ವೊರಿಂನಲ್ಲಿ ನಡೆಯುತ್ತವೆ. ತಾರೀಕು ತಪ್ಪಿಸಿಕೊಂಡರೆ ಸುದ್ದಿ ನಮಗಿಂತ ಮೊದಲು ಬೇರೆಯವರ ಬಾಯಿಂದ ಊರಿಗೆ ಹೋಗುತ್ತದೆ, ಮತ್ತೆ ತಿದ್ದುವುದು ಕಷ್ಟ.

ಈಗ ಪದಗಳ ವಿಷಯ. ಇದರಲ್ಲಿ ನಾನು ಜಾಸ್ತಿ ಹಟ ಮಾಡುತ್ತೇನೆ. ನೋಟಿಸ್ ಕೊಟ್ಟರು ಅಂದರೆ ಎದುರಿನವರಿಗೆ ಉತ್ತರ ಕೊಡಿ ಅಂತ ಕೇಳಿದ್ದಾರೆ, ಅದು ಗೆಲುವಲ್ಲ. ಯಥಾಸ್ಥಿತಿ ಅಂದರೆ ಈಗ ಹೇಗಿದೆಯೋ ಹಾಗೇ ಇರಲಿ ಅಂತ. ಆಗಲೇ ಮರ ಕಡಿದು ಮುಗಿದಿದ್ದರೆ ಕಡಿದ ಸ್ಥಿತಿಯೇ ಯಥಾಸ್ಥಿತಿ. ಮೆಟ್ರೊ ಶೆಡ್ಡಿಗಾಗಿ ಮರ ಕಡಿದ ಮುಂಬಯಿಯ ಆರೆ ಕಾಡಿನಲ್ಲಿ 2019ರ ಅಕ್ಟೋಬರಿನಲ್ಲಿ ಆಗಿದ್ದೇ ಇದು. ಹೈಕೋರ್ಟು ಅರ್ಜಿ ತಳ್ಳಿಹಾಕಿದ ರಾತ್ರಿಯೇ ಗರಗಸ ಶುರುವಾಯಿತು, ಸುಪ್ರೀಂ ಕೋರ್ಟು ಇನ್ನು ಕಡಿಯಬೇಡಿ ಅಂತ ಹೇಳಿದ್ದು 7ನೇ ತಾರೀಕು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಹೋಗಿದ್ದವು. ಇನ್ನು ನ್ಯಾಯಮೂರ್ತಿಗಳು ವಿಚಾರಣೆ ಹೊತ್ತಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಆದೇಶ ಅಲ್ಲ. ಅದು ಎಷ್ಟೇ ಚೆನ್ನಾಗಿದ್ದರೂ ಬರಹದ ಆದೇಶ ವೆಬ್‌ಸೈಟಿಗೆ ಬರುವವರೆಗೆ ತಲೆಬರಹಕ್ಕೆ ಹಾಕಬೇಡಿ.

ಒಂದು ಸಲ ನಾವು ವಕೀಲರ ಟಿಪ್ಪಣಿಯನ್ನು ಹಾಗೇ ಕನ್ನಡಕ್ಕೆ ತಂದು "ಮಧ್ಯಂತರ ಪರಿಹಾರ ಸಿಕ್ಕಿದೆ" ಅಂತ ವಾಟ್ಸಾಪಿನಲ್ಲಿ ಕಳಿಸಿಬಿಟ್ಟೆವು. ಮರುದಿನ ಬೆಳಿಗ್ಗೆ ಆಫೀಸಿನ ಮುಂದೆ ಆರೇಳು ಜನ ಬ್ಯಾಂಕ್ ಪಾಸ್‌ಬುಕ್, ಆಧಾರ್ ಜೆರಾಕ್ಸ್ ಹಿಡಿದುಕೊಂಡು ನಿಂತಿದ್ದರು. ಕೂಲಿ ಬಿಟ್ಟು ಬಂದಿದ್ದರು. ಪರಿಹಾರ ಅಂದರೆ ನಮ್ಮ ಜನಕ್ಕೆ ದುಡ್ಡು, ಅಲ್ವಾ? ಕೋರ್ಟು ಹೇಳಿದ್ದು ಮುಂದಿನ ವಿಚಾರಣೆವರೆಗೆ ಕೆಲಸ ನಿಲ್ಲಿಸಿ ಅಂತ ಮಾತ್ರ. ಅವತ್ತು ಅವರಿಗೆ ಚಹಾ ಕೊಟ್ಟು ಕ್ಷಮೆ ಕೇಳುವಾಗ ನನಗೆ ಆದ ಸಂಕಟ ಇವತ್ತಿಗೂ ಮರೆತಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ನಿಯಮ ಇದೆ. ಹೊರಗೆ ಹೋಗುವ ಪ್ರತಿ ಸಾಲನ್ನೂ ಒಬ್ಬ ವಕೀಲರು ಓದಬೇಕು, ಆ ಊರಿನ ಒಬ್ಬರೂ ಓದಬೇಕು. ವಕೀಲರು ತಪ್ಪು ಹಿಡಿಯುತ್ತಾರೆ, ಊರಿನವರು ಗೊಂದಲ ಹಿಡಿಯುತ್ತಾರೆ. ಇಬ್ಬರಲ್ಲಿ ಒಬ್ಬರನ್ನು ಬಿಡಬೇಕಾಗಿ ಬಂದರೆ ಕಳಿಸುವುದನ್ನೇ ನಿಲ್ಲಿಸಿ.

ಭಾಷೆ ಅನ್ನುವುದು ಸುಮ್ನೆ ಅಲಂಕಾರಕ್ಕಲ್ಲ, ಅದು ಕಾನೂನಿನ ಒಳಗೇ ಇದೆ. ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ನಿಯಮಗಳಿರುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಊರಿನವರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. 2020ರಲ್ಲಿ ಆ ಅಧಿಸೂಚನೆಗೆ ಹೊಸ ಕರಡು ತಂದಾಗ ದೆಹಲಿ ಹೈಕೋರ್ಟು ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಅಂತ ಹೇಳಿತು. ಆದರೆ ವಾಸ್ಕೋದಲ್ಲಿ ಸ್ಥಳೀಯ ಭಾಷೆ ಅಂದರೆ ಯಾವುದು? ಕೊಂಕಣಿ, ಮರಾಠಿ ಸರಿ. ಬೈನಾ, ಮಾಂಗೋರ್, ಜುವಾರಿನಗರದಲ್ಲಿ ಇರುವ ಗದಗ, ಕೊಪ್ಪಳ, ವಿಜಯಪುರದ ಜನರಿಗೆ ಆ ಸಾರಾಂಶ ಕನ್ನಡದಲ್ಲಿ ಸಿಗುವುದಿಲ್ಲ. ದೂಳು ಮಾತ್ರ ಅವರಿಗೂ ಅಷ್ಟೇ ಬೀಳುತ್ತದೆ. ಹಾಗಾಗಿ ನಾವು ಕನ್ನಡದಲ್ಲಿ ಒಂದು ನಿಮಿಷದ ಧ್ವನಿ ಸಂದೇಶ ಮಾಡುತ್ತೇವೆ. ಕೊಂಕಣಿಯದನ್ನು ಕನ್ನಡಕ್ಕೆ ತಿರುಗಿಸುವುದಿಲ್ಲ, ಹೊಸದಾಗಿಯೇ ಹೇಳುತ್ತೇವೆ. ಇಂಗಾಲದ ಹೆಜ್ಜೆಗುರುತು ಅಂತೆಲ್ಲ ಅದರಲ್ಲಿ ಬರುವುದಿಲ್ಲ. ಕಲ್ಲಿದ್ದಲು, ಮಸಿ, ಕೆಮ್ಮು, ಕರೆಂಟ್ ಬಿಲ್ಲು ಬರುತ್ತವೆ.

ಇಂಧನದ ಲೆಕ್ಕ ಬಂದಾಗ ಇನ್ನೂ ಎಚ್ಚರ ಬೇಕು. 2025ರ ಮಧ್ಯದಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಾಲು ಕಲ್ಲಿದ್ದಲು, ಅನಿಲ ಇಲ್ಲದ್ದು ಅಂತ ಸರ್ಕಾರ ಹೇಳಿತು. ಅದು ನಿಜ. ಆದರೆ ನಾವು ಬಳಸುವ ಕರೆಂಟಿನಲ್ಲಿ ಹತ್ತಕ್ಕೆ ಸುಮಾರು ಏಳು ಪಾಲು ಈಗಲೂ ಕಲ್ಲಿದ್ದಲಿನದೇ. ಇದೂ ನಿಜ. ಎರಡೂ ಹೇಗೆ ಅಂತ ಅಕ್ಕನಿಗೆ ಹೇಳಿದ್ದು ಹೀಗೆ: ಮನೆಯಲ್ಲಿ ಎಷ್ಟು ಒಲೆ ಇವೆ ಅನ್ನುವುದು ಸಾಮರ್ಥ್ಯ, ದಿನಕ್ಕೆ ಎಷ್ಟು ರೊಟ್ಟಿ ಬೆಂದವು ಅನ್ನುವುದು ಉತ್ಪಾದನೆ, ಬಿಸಿಲಿನ ಒಲೆ ಹಗಲು ಮಾತ್ರ ಉರಿಯುತ್ತದೆ. ಒಂದು ಕಿಲೋವ್ಯಾಟ್ ಸೋಲಾರ್ ಫಲಕ ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಯೂನಿಟ್ ಕೊಡುತ್ತದೆ. ಮೆಗಾವ್ಯಾಟ್ ಬಿಟ್ಟು ಯೂನಿಟ್ಟಿನಲ್ಲಿ ಮಾತಾಡಿ, ಬಿಲ್ಲಿನಲ್ಲಿ ಇರುವುದು ಅದೇ.

"ನಿಮಗೆ ಕರೆಂಟ್ ಬೇಡವಾ?" ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಕೋಪ ಮಾಡಿಕೊಳ್ಳಬೇಡಿ, ಅದು ನ್ಯಾಯವಾದ ಪ್ರಶ್ನೆ. ಧಾರವಾಡದ ನರೇಂದ್ರದಿಂದ ಗೋವಾಕ್ಕೆ ಬರುವ 400 ಕೆವಿ (ಕಿಲೋವೋಲ್ಟ್) ಕರೆಂಟ್ ಲೈನಿನ ಉದಾಹರಣೆ ನಾನು ಕೊಡುತ್ತೇನೆ. ಕರೆಂಟೇ ಬೇಡ ಅಂತ ಆ ಕೇಸು ಮುಗಿಯಲಿಲ್ಲ. ಗೋವಾದ ಮೊಲೆಂ ಕಾಡಿನಲ್ಲಿ ಹೊಸ ದಾರಿ ಕಡಿಯುವ ಬದಲು ಆಗಲೇ ಇದ್ದ 220 ಕೆವಿ ಲೈನಿನ ದಾರಿಯಲ್ಲೇ ತನ್ನಿ ಅನ್ನುವ ಸಲಹೆ ಸುಪ್ರೀಂ ಕೋರ್ಟು ನೇಮಿಸಿದ ಸಮಿತಿಯಿಂದಲೇ ಬಂತು. ನಮ್ಮ ಕಡೆಗೆ ಅನುಕೂಲವಲ್ಲದ್ದನ್ನೂ ಹೇಳಬೇಕು. 2024ರ ಮಾರ್ಚ್ 21ರ ತೀರ್ಪಿನಲ್ಲಿ ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿರುವುದು ಹಕ್ಕು ಅಂತ ಸುಪ್ರೀಂ ಕೋರ್ಟು ಸಂವಿಧಾನದ 14 (ಸಮಾನತೆ) ಮತ್ತು 21ನೇ (ಜೀವಿಸುವ ಹಕ್ಕು) ವಿಧಿಗಳ ಅಡಿ ಒಪ್ಪಿತು. ನಮ್ಮಂಥ ಎಷ್ಟೋ ಸಂಸ್ಥೆಗಳು ಅಷ್ಟನ್ನೇ ಹಂಚಿದವು. ಅದೇ ತೀರ್ಪು ಸೋಲಾರ್ ಕರೆಂಟು ಸಾಗಿಸುವ ಸಲುವಾಗಿ, ಅಳಿವಿನಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಜಾಗದಲ್ಲಿ ಲೈನುಗಳನ್ನು ನೆಲದಡಿ ಹಾಕಿ ಅನ್ನುವ 2021ರ ಆದೇಶವನ್ನು ಸಡಿಲಿಸಿತು. ಅರ್ಧ ಹೇಳಿದರೆ ಓದುಗರು ಇನ್ನರ್ಧವನ್ನು ಬೇರೆ ಕಡೆ ಓದುತ್ತಾರೆ, ಆಮೇಲೆ ನಮ್ಮನ್ನು ನಂಬುವುದಿಲ್ಲ.

ಯಾರು ಮಾತಾಡಬೇಕು ಅನ್ನುವುದೂ ದೊಡ್ಡ ವಿಷಯ. ತಾವು ನಡೆಸುವ ಕೇಸಿನ ಬಗ್ಗೆ ಪತ್ರಿಕೆಯಲ್ಲಿ ಬರೆಸುವುದು, ಫೋಟೋ ಹಾಕಿಸುವುದು ಮಾಡಬಾರದು ಅಂತ ಬಾರ್ ಕೌನ್ಸಿಲ್ಲಿನ 36ನೇ ನಿಯಮ ವಕೀಲರನ್ನು ತಡೆಯುತ್ತದೆ. ಆದ್ದರಿಂದ ಕರಿ ಕೋಟಿನ ಫೋಟೋ ಪೋಸ್ಟರಿಗೆ ಹಾಕಬೇಡಿ. ಅರ್ಜಿದಾರರು, ಊರಿನವರು, ವಿಜ್ಞಾನಿಗಳು ಮಾತಾಡಲಿ. ಕೋರ್ಟಿನ ಬಗ್ಗೆ ಬರೆಯುವಾಗ 1971ರ ನ್ಯಾಯಾಂಗ ನಿಂದನೆ ಕಾಯ್ದೆ ನೆನಪಿರಲಿ. ವಿಚಾರಣೆಯ ನ್ಯಾಯವಾದ, ಸರಿಯಾದ ವರದಿಗೂ, ತೀರ್ಪು ಬಂದ ಮೇಲಿನ ನ್ಯಾಯವಾದ ಟೀಕೆಗೂ ಅದರಲ್ಲಿ ಜಾಗ ಇದೆ. ನ್ಯಾಯಮೂರ್ತಿಯ ಉದ್ದೇಶದ ಬಗ್ಗೆ ಮಾತಾಡಿದರೆ ಆ ಜಾಗ ದಾಟಿದಂತೆ.

ಊರಿನವರನ್ನು ಮುಂದೆ ತರುವಾಗ ಒಂದು ಮಾತು. ಬೈನಾದ ಎಷ್ಟೋ ಮನೆಗಳಲ್ಲಿ ಹೆಂಡತಿ ಮಸಿ ಒರೆಸುತ್ತಾಳೆ, ಗಂಡ ಬಂದರಿನಲ್ಲಿ ದಿನಗೂಲಿ. ಅವಳ ಮುಖ ವಿಡಿಯೋದಲ್ಲಿ ಬಂದರೆ ಅವನ ಕೆಲಸ ಹೋಗಬಹುದು. ಮೊದಲು ಕೇಳಿ, ಮಾಡಿದ್ದನ್ನು ತೋರಿಸಿ, ಮತ್ತೆ ಕೇಳಿ. ಬೇಡ ಅಂದರೆ ಕೈ ಮತ್ತು ಬಟ್ಟೆ ಮಾತ್ರ ತೋರಿಸಿ, ಸಾಕು.

ತೀರ್ಪಿನ ದಿನಕ್ಕೆ ಮುಂಚೆಯೇ ಮೂರು ಟಿಪ್ಪಣಿ ಬರೆದಿಡಿ: ಗೆದ್ದರೆ, ಸೋತರೆ, ಅರ್ಧ ಸಿಕ್ಕರೆ. ಮೂರನೆಯದೇ ಹೆಚ್ಚು ಸಲ ಬೇಕಾಗುತ್ತದೆ. ಆದೇಶ ಬಂದ ಒಂದು ಗಂಟೆಯೊಳಗೆ ಓದಿ ಹೇಳುವ ವಕೀಲರು ಯಾರು ಅಂತ ಹಿಂದಿನ ದಿನವೇ ಹೆಸರು ಹಿಡಿದು ನಿಗದಿ ಮಾಡಿ. ವಿದೇಶಿ ದೇಣಿಗೆ ಇದ್ದರೆ ಯಾವ ಪ್ರಚಾರಕ್ಕೆ ಯಾವ ದುಡ್ಡು ಅಂತ ಲೆಕ್ಕದವರನ್ನು ಮೊದಲೇ ಕೇಳಿ.

ಮತ್ತೆ ಗಡುವುಗಳು. ಹಸಿರು ನ್ಯಾಯಮಂಡಳಿಗೆ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು, ಪರಿಸರ ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಎರಡಕ್ಕೂ ಇನ್ನೊಂದು 60 ದಿನ ಸಿಗಬಹುದು. ಎಷ್ಟೋ ಒಳ್ಳೆಯ ಕೇಸುಗಳು ಸತ್ತದ್ದು ಜನರಿಗೆ ಈ ದಿನಗಳ ಲೆಕ್ಕ ಗೊತ್ತಿಲ್ಲದೆ. ನನ್ನ ಪ್ರಕಾರ ಸಂವಹನ ತಂಡ ಮಾಡುವ ಅತಿ ಮುಖ್ಯ ಪೋಸ್ಟರ್ ಅಂದರೆ ಕೊನೆಯ ದಿನಾಂಕ ದಪ್ಪ ಅಕ್ಷರದಲ್ಲಿ ಇರುವ ಪೋಸ್ಟರ್. ಲೈಕು ಎಷ್ಟು ಬಂತು ಅಂತ ನಾನು ಕೇಳುವುದಿಲ್ಲ. ಅಹವಾಲು ಸಭೆಗೆ ಎಷ್ಟು ಜನ ಬರೆದುಕೊಂಡು ಬಂದರು ಅಂತ ಕೇಳುತ್ತೇನೆ.

ಅಕ್ಕನ ಪ್ರಶ್ನೆಗೆ ಕೊನೆಗೆ ಕಳಿಸಿದ ಧ್ವನಿ ಸಂದೇಶ ಇಷ್ಟು: "ಅಕ್ಕಾ, ಕೋರ್ಟು ಕಾಡಿನೊಳಗಿನ ಎರಡನೇ ಹಳಿಗೆ ಕೊಟ್ಟ ಒಪ್ಪಿಗೆ ರದ್ದು ಮಾಡಿದೆ. ಬಂದರಿನ ಕಲ್ಲಿದ್ದಲು ನಿಲ್ಲಿಸಿಲ್ಲ. ನಿಮ್ಮ ಮನೆ ಮಸಿಗೆ ಬೇರೆ ಅರ್ಜಿ ಬೇಕು." ಅವರು ಅದನ್ನು ತಮ್ಮ ಚೀಟಿ ಗುಂಪಿಗೆ ಕಳಿಸಿದರು. ಸಂಜೆ ಐದು ಹೆಂಗಸರು ಬಂದರು. ಹಿಟ್ಟಿನ ಡಬ್ಬಿ ಪಕ್ಕಕ್ಕೆ ಸರಿಸಿ, ಕಲ್ಲಿದ್ದಲು ಮುಚ್ಚಿಡಲು ಬಂದರಿಗೆ ಹಾಕಿರುವ ಷರತ್ತುಗಳ ಪ್ರತಿ ಕೊಡಿ ಅಂತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದೆವು. 30 ದಿನದ ಲೆಕ್ಕವನ್ನು ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.