ಹೂಳಿನ ಗುಡ್ಡೆಯಲ್ಲಿ ಬಸವನಹುಳು ಎಣಿಸಿದ ಕಥೆ

ಕಾಲುವೆಯ ಹೂಳೆತ್ತುವುದರಿಂದ ಪಕ್ಷಿಧಾಮಕ್ಕೆ ಏನಾಗುತ್ತಿದೆ ಎಂದು ತಿಳಿಯಲು ಪಕ್ಷಿಧಾಮದೊಳಗೆ ಹೋಗಬೇಕಿಲ್ಲ ಎಂದು ನಾನು ಹೇಳಿದಾಗ ನೀರಾವರಿಯವರ ಸಭೆಯಲ್ಲಿದ್ದವರೆಲ್ಲ ನಕ್ಕಿದ್ದರು. "ಮತ್ತೆ ಎಲ್ಲಿಗೆ ಹೋಗುತ್ತೀರಿ ಸಾರ್?" ಎಂದು ಎಂಜಿನಿಯರೊಬ್ಬರು ಕೇಳಿದರು. ಬಸಿಗಾಲುವೆಯ ದಡಕ್ಕೆ, ಹಿಟಾಚಿ ಸುರಿದುಹೋದ ಹೂಳಿನ ಗುಡ್ಡೆಗೆ ಎಂದೆ. ಅಂದಿನಿಂದ ಆ ಕಚೇರಿಯಲ್ಲಿ ನನಗೆ 'ಹುಳು ಮೇಷ್ಟ್ರು' ಎಂಬ ಬಿರುದು. ಈಗ ಅವರೇ ನನ್ನ ಕ್ರಮವನ್ನು ಹೂಳೆತ್ತುವ ಕೆಲಸದ ಷರತ್ತಿಗೆ ಸೇರಿಸಿಕೊಂಡಿದ್ದಾರೆ. ಆದ್ದರಿಂದ ಇಲ್ಲಿ ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ಜಾಗ ರಂಗನತಿಟ್ಟಿನ ಆಸುಪಾಸು. ಧಾಮ ಇರುವುದೇ ಮುಕ್ಕಾಲು ಚದರ ಕಿಲೋಮೀಟರಿಗೂ ಕಡಿಮೆ. 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ಸುತ್ತಲಿನ ಹೊಳೆಯೂ ಸೇರಿ ಸುಮಾರು 518 ಹೆಕ್ಟೇರ್ ಆಯಿತು. ಆದರೆ ಬಸವನಹುಳುವನ್ನೇ ಹೆಚ್ಚಾಗಿ ತಿನ್ನುವ ಅಲ್ಲಿನ ಬಾಯ್ಕಳಕ ಕೊಕ್ಕರೆ ಹೊಟ್ಟೆ ತುಂಬಿಸಿಕೊಳ್ಳುವುದು ಆ ಗೆರೆಯ ಆಚೆ, ಭತ್ತದ ಗದ್ದೆಗಳಲ್ಲಿ ಮತ್ತು ಗದ್ದೆಯ ನೀರನ್ನು ಮತ್ತೆ ಹೊಳೆಗೆ ತರುವ ಬಸಿಗಾಲುವೆಗಳಲ್ಲಿ. ಬಸಿಗಾಲುವೆಯಲ್ಲಿ ಜೊಂಡು ಬೆಳೆಯುತ್ತದೆ, ಹೂಳು ತುಂಬುತ್ತದೆ, ಗದ್ದೆ ಜೌಗಾಗುತ್ತದೆ, ರೈತರು ಕಚೇರಿಗೆ ಮುತ್ತಿಗೆ ಹಾಕುತ್ತಾರೆ, ಹಿಟಾಚಿ ಬರುತ್ತದೆ. ಈ ಸರಣಿ ನಿಮಗೆಲ್ಲ ಗೊತ್ತಿರುವುದೇ.

ನಾನೂ ಮೊದಲು ಎಲ್ಲರಂತೆ ನೀರಿನ ಕದಡನ್ನೇ ಅಳೆಯಲು ಹೋದವನು. ಸಾಲ ಮಾಡಿ ಮೂವತ್ತೆಂಟು ಸಾವಿರ ರೂಪಾಯಿಯ, ಕದಡು ಅಳೆಯುವ ಮೀಟರ್ ಕೊಂಡೆ. ಕಾಲುವೆ ಹೊಳೆ ಸೇರುವ ಕಡೆ ಪಿವಿಸಿ ಕೊಳವೆ ಕತ್ತರಿಸಿ ಹೂಳು ಹಿಡಿಯುವ ಹನ್ನೆರಡು ಬಲೆಗಳನ್ನು ನೆಟ್ಟೆ. ಅದು 2019. ಆಗಸ್ಟ್‌ನಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರು, ಹಕ್ಕಿ ಗೂಡುಕಟ್ಟುವ ಹೊಳೆ ನಡುವಿನ ತಿಟ್ಟುಗಳೇ ಮುಳುಗಿದವು. ನನ್ನ ಹನ್ನೆರಡು ಕೊಳವೆಗಳಲ್ಲಿ ಒಂದು ಮಾತ್ರ ಸಿಕ್ಕಿತು, ಅದೂ ಅರ್ಧ ಕಿಲೋಮೀಟರ್ ಕೆಳಗೆ, ಮರದ ಬೇರಿಗೆ ಸಿಕ್ಕಿಕೊಂಡು. ಕಾವೇರಿ ಮೈದುಂಬಿ ಬರುವಾಗ ಒಂದು ಬಸಿಗಾಲುವೆಯ ಕದಡು ಎಷ್ಟು ಎಂದು ಕೇಳುವುದೇ ಹುಚ್ಚುತನ ಎಂಬುದು ನನ್ನ ತಲೆಗೆ ಹೋಗಲು ಇಷ್ಟು ಖರ್ಚಾಯಿತು.

ಹುಳು ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ನಾಲೆಗೆ ನೀರು ನಿಲ್ಲಿಸಿದ ಮೇಲೆ, ಬೇಸಿಗೆಯಲ್ಲಿ ತೋಡಿದರೆ ಯಾವ ಜೀವಕ್ಕೂ ತೊಂದರೆಯಿಲ್ಲ ಎಂದು ಎಲ್ಲ ವರದಿಗಳಲ್ಲೂ ಇರುತ್ತದೆ. ನಾನೇ ಎರಡು ವರದಿಗಳಲ್ಲಿ ಹಾಗೆ ಬರೆದಿದ್ದೆ. ಒಂದು ದಿನ ಮಧ್ಯಾಹ್ನ ಗುಡ್ಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಾಗ ಕೈಗೆ ನಿಂಬೆಹಣ್ಣಿನ ಗಾತ್ರದ ಬಸವನಹುಳು ಸಿಕ್ಕಿತು. ಮುಚ್ಚಳ ಭದ್ರವಾಗಿ ಹಾಕಿತ್ತು. ನೀರಿನ ಬಾಟಲಿಯ ಕತ್ತು ಕತ್ತರಿಸಿ ಅದರೊಳಗೆ ಬಿಟ್ಟೆ. ಸಂಜೆ ಬಸ್ಸಿನಲ್ಲಿ ಬರುವಾಗ ಅದು ಬಾಟಲಿಯ ಗೋಡೆ ಹತ್ತುತ್ತಿತ್ತು. ನೀರು ಬತ್ತಿದಾಗ ಈ ಹುಳು ಕೆಸರಿನೊಳಗೆ ಇಳಿದು ಮಳೆಯವರೆಗೆ ಮಲಗುತ್ತದೆ. ನಾವು 'ಸುರಕ್ಷಿತ ಕಾಲ' ಎಂದು ಬರೆಯುವ ಏಪ್ರಿಲ್‌ನಲ್ಲಿ ಬಾಯ್ಕಳಕದ ಉಗ್ರಾಣವನ್ನೇ ಬಗೆದು ಬಿಸಿಲಿಗೆ ಹಾಕುತ್ತಿದ್ದೆವು.

ಆಮೇಲಿನ ಕೆಲಸಕ್ಕೆ ಆ ಕದಡಿನ ಮೀಟರ್ ಬೇಕಾಗಲಿಲ್ಲ. ಒಂದು ಮೀಟರ್ ಚೌಕದ ಕಬ್ಬಿಣದ ಚೌಕಟ್ಟು, ಮರಳು ಸೋಸುವ ಜರಡಿ, ಎರಡು ಬಕೆಟ್, ಇಬ್ಬರು ಆಳುಗಳು. ಗುಡ್ಡೆ ಬಿದ್ದ ಮೂರು ಗಂಟೆಯೊಳಗೆ ಎಣಿಸಬೇಕು. ತಡವಾದರೆ ಕಾಗೆ, ಬೆಳ್ಳಕ್ಕಿ ನಿಮಗಿಂತ ಮೊದಲು ಎಣಿಸಿರುತ್ತವೆ. ತೋಡಿದ ಕಾಲುವೆಯ ತಳದ ಲೆಕ್ಕಕ್ಕೆ ತಂದರೆ ಚದರ ಮೀಟರಿಗೆ ಜೀವಂತ ಹುಳು ಆರೇಳು ಬರುತ್ತಿತ್ತು. ಮೂರು ಮೀಟರ್ ಅಗಲದ ಕಾಲುವೆಯಾದರೆ ಕಿಲೋಮೀಟರಿಗೆ ಇಪ್ಪತ್ತು ಸಾವಿರದ ಹತ್ತಿರ. ಮುಚ್ಚಳ ಹಾಕಿಕೊಂಡ ಹುಳು ಸತ್ತಿದೆಯೋ ಮಲಗಿದೆಯೋ ಎಂದು ಬಾಟಲಿಗೆ ಹಾಕದೆ ಅಲ್ಲೇ ಹೇಳುವ ಒಂದು ಉಪಾಯವಿದೆ. ಅದಕ್ಕೆ ನನಗೆ ಎರಡು ಬೇಸಿಗೆ ಹಿಡಿದಿದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಹೋಲಿಕೆಗೆ ತೋಡದ ಕಾಲುವೆ ಬೇಕಲ್ಲವೇ? 2022ರಲ್ಲಿ ಒಂದನ್ನು ಗೊತ್ತುಮಾಡಿ, ಕೆಂಪು ಬಟ್ಟೆ ಕಟ್ಟಿ, ಎಲ್ಲರಿಗೂ ಹೇಳಿ ಬಂದಿದ್ದೆ. ನಾಲ್ಕು ದಿನ ಬಿಟ್ಟು ಹೋದರೆ ಅದೂ ತೋಡಿ ನುಣ್ಣಗಾಗಿತ್ತು. ಗುತ್ತಿಗೆದಾರನಿಗೆ ಡೀಸೆಲ್ ಉಳಿದಿತ್ತಂತೆ. ಕೆಂಪು ಬಟ್ಟೆ ಕಟ್ಟಿದ್ದರಿಂದ ಅದನ್ನೇ ಮೊದಲು ತೋಡಬೇಕೆಂದು ಚಾಲಕ ತಿಳಿದಿದ್ದನಂತೆ. ಯಾರನ್ನು ಬೈಯುವುದು?

ಆಗ ಹೊಳೆದದ್ದು ಪಟ್ಟಿ ಬಿಡುವ ಕ್ರಮ. ಬೇರೆ ಕಾಲುವೆಯ ಗೊಡವೆಯೇ ಬೇಡ, ಒಂದೇ ಕಾಲುವೆಯಲ್ಲಿ ಅರುವತ್ತು ಮೀಟರ್ ತೋಡುವುದು, ಮೂವತ್ತು ಮೀಟರ್ ಬಿಡುವುದು. ಬಿಟ್ಟ ಕಡೆಯೂ ನೀರು ಹರಿಯಲು ನಡುವೆ ಒಂದು ಬಕೆಟ್ ಅಗಲದ ಸೀಳು. 2023ರ ಏಪ್ರಿಲ್‌ನಲ್ಲಿ ಒಂದೂವರೆ ಕಿಲೋಮೀಟರ್ ಹೀಗೆ ಮಾಡಿಸಿದೆವು. ಆ ವರ್ಷ ಬರ. ಕಾಲುವೆಗೆ ನೆಟ್ಟಗೆ ನೀರೇ ಬರಲಿಲ್ಲ, ಹುಳುವೂ ಏಳಲಿಲ್ಲ, ನನ್ನ ಕೈಯಿಂದ ನಲವತ್ತು ಸಾವಿರ ಹೋಯಿತು. ಮನೆಯಲ್ಲಿ ಇದರ ಮಾತೆತ್ತುವಂತಿರಲಿಲ್ಲ.

2024ರ ಜುಲೈನಲ್ಲಿ ಅಣೆಕಟ್ಟು ತುಂಬಿ ನಾಲೆಗೆ ನೀರು ಬಂದ ಮೇಲೆ ಎಣಿಸಿದಾಗ ವ್ಯತ್ಯಾಸ ಕಂಡಿತು. ಬಿಟ್ಟ ಪಟ್ಟಿಗಳಲ್ಲಿ ಚೌಕಕ್ಕೆ ಹತ್ತು ಹನ್ನೆರಡು ಹುಳು, ಪಕ್ಕದ ತೋಡಿದ ಭಾಗದಲ್ಲಿ ಮೂರು ನಾಲ್ಕು. ಪಟ್ಟಿಯೇ ಬಿಡದೆ ಪೂರ್ತಿ ತೋಡಿದ ಇನ್ನೊಂದು ಕಾಲುವೆಯಲ್ಲಿ ಒಂದು ಸಿಕ್ಕರೆ ಪುಣ್ಯ. ಹುಳುವಿನ ಬಿಳಿ ಮೊಟ್ಟೆಯ ಗೊಂಚಲುಗಳು ಬಿಟ್ಟ ಪಟ್ಟಿಯ ಅಂಚಿನಲ್ಲೇ ಇದ್ದವು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಮೋರಿಯ ಮೇಲೆ ನಿಂತು ಎಣಿಸಿದರೆ ಪಟ್ಟಿ ಬಿಟ್ಟ ಕಾಲುವೆಯಲ್ಲಿ ಹದಿನೈದಿಪ್ಪತ್ತು ಬಾಯ್ಕಳಕ, ಇನ್ನೊಂದರಲ್ಲಿ ಎರಡು ಮೂರು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಹಿಟಾಚಿ ಬಿಟ್ಟು, ನೀರು ನಿಂತಿರುವಾಗಲೇ ಕುಡುಗೋಲಿನಿಂದ ಜೊಂಡನ್ನು ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಕೊಯ್ಯಿಸಿದೆ. ಕತ್ತರಿಸಿದ ಬುಡಕ್ಕೆ ಗಾಳಿ ಸಿಗದೆ ಗೆಡ್ಡೆ ಕೊಳೆಯುತ್ತದೆ. ಎರಡು ಸಲ ಕೊಯ್ದ ಕಡೆ ಮುಕ್ಕಾಲು ಪಾಲು ಮತ್ತೆ ಚಿಗುರಲಿಲ್ಲ. ಆದರೆ ಎದೆಮಟ್ಟ ನೀರಿಗೆ ಇಳಿಯುವ ಆಳುಗಳು ಸಿಗುವುದಿಲ್ಲ, ಸಿಕ್ಕರೂ ಮೊಸಳೆಯ ಹೆಸರೆತ್ತಿದರೆ ಕೂಲಿ ಎರಡರಷ್ಟಾಗುತ್ತದೆ. ಇನ್ನೂರು ಮೀಟರಿಗೇ ಕೈಬಿಟ್ಟೆ.

ಎಂಜಿನಿಯರ್ ಒಪ್ಪಿದ್ದು ಹುಳುವಿನ ಲೆಕ್ಕ ನೋಡಿ ಅಲ್ಲ. ಹಿಟಾಚಿ ಬಾಡಿಗೆ ಗಂಟೆಗೆ ಎರಡು ಸಾವಿರದ ಇನ್ನೂರರ ಹತ್ತಿರ ಇತ್ತು. ನೂರು ಗಂಟೆ ಎಂದು ಅಂದಾಜಿಸಿದ ಕೆಲಸ ಎಪ್ಪತ್ತೈದಕ್ಕೆ ಮುಗಿದಿತ್ತು. ಜೌಗಾಗುತ್ತದೆ ಎಂದು ಕೂಗಾಡಿದ್ದ ರೈತರಿಗಾಗಿ ಮೋರಿಯ ಕಲ್ಲಿಗೆ ಬಣ್ಣದ ಗೆರೆ ಹಾಕಿಸಿ, ಪ್ರತಿ ಮಳೆಯ ಮಾರನೆಯ ದಿನ, ನಾಲೆಯ ನೀರು ನೋಡಿಕೊಳ್ಳುವ ನೀರುಗಂಟಿಯಿಂದಲೇ ಮಟ್ಟ ಬರೆಸಿದ್ದೆ. ಪೂರ್ತಿ ತೋಡಿದ ಕಾಲುವೆಗೂ ಇದಕ್ಕೂ ವ್ಯತ್ಯಾಸ ಎರಡು ಬೆರಳು. ನನ್ನ ಮಾತನ್ನು ನಂಬದವರು ನೀರುಗಂಟಿಯ ಪುಸ್ತಕವನ್ನು ನಂಬಿದರು.

ವಾದ ಬಿಸಿಯಾದಾಗಲೆಲ್ಲ ನಾನು ಒಂದು ಹಳೆಯ ವಿಷಯ ಎತ್ತುತ್ತಿದ್ದೆ. ರಂಗನತಿಟ್ಟಿನ ತಿಟ್ಟುಗಳು ಉಂಟಾದದ್ದೇ 1645–48ರಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಕಟ್ಟೆಯಿಂದ. ಸಲೀಂ ಅಲಿ ಹೇಳಿ 1940ರಲ್ಲಿ ಅದು ಧಾಮವಾಯಿತು. ನಿಮ್ಮ ಹಿಂದಿನವರೇ ಕೊಕ್ಕರೆಗೆ ಮನೆ ಕಟ್ಟಿಕೊಟ್ಟವರು ಸಾರ್ ಎಂದರೆ ನೀರಾವರಿಯವರ ಮುಖ ಅರಳುತ್ತಿತ್ತು. ಯಾವ ಪಟ್ಟಿಯನ್ನು ಬಿಡಬೇಕು ಎಂಬ ಆಯ್ಕೆಯಲ್ಲೂ ಒಂದು ಗುಟ್ಟಿದೆ. ಮೋರಿಯ ಹತ್ತಿರದ್ದನ್ನು ಬಿಡಬೇಡಿ ಎಂಬಷ್ಟನ್ನು ಮಾತ್ರ ಹೇಳುತ್ತೇನೆ.

ಕಳೆದ ಬೇಸಿಗೆ ಕೆಲಸ ನೋಡಲು ಹೋದಾಗ ಹಿಟಾಚಿ ಚಾಲಕ ಎಂಜಿನ್ ನಿಲ್ಲಿಸಿ, ಬಕೆಟಿನಿಂದ ಉದುರಿದ ಹುಳುಗಳನ್ನು ತಾನೇ ಆರಿಸಿ ಪಟ್ಟಿಯ ಕೆಸರಿಗೆ ಎಸೆಯುತ್ತಿದ್ದ. ಅದೇ ಕೆಂಪು ಬಟ್ಟೆಯ ಚಾಲಕ. ನನ್ನ ಎರಡನೆಯ ಕಂತಿನ ಬಿಲ್ಲು ಮಾತ್ರ ಇನ್ನೂ ಮೇಜಿನಿಂದ ಮೇಜಿಗೆ ತೆವಳುತ್ತಿದೆ.