ಪಿಕಪ್‌ನ ಹಿಂದಿನ ಬಾಡಿಯಲ್ಲಿ ಹೆಚ್ಚುವರಿ ಡೀಸೆಲ್ ಟ್ಯಾಂಕ್ ಕೂರಿಸುವ ಕ್ರಮ

ದೂರದ ಕೆಲಸದ ಜಾಗಗಳಿಗೆ ಓಡಾಡುವ, ದಾರಿಯಲ್ಲಿ ಇಂಧನ ಸಿಗುತ್ತದೆಂಬ ಭರವಸೆಯಿಲ್ಲದ ಪಿಕಪ್‌ಗಳ ಹಿಂದಿನ ಬಾಡಿಯಲ್ಲಿ ಇನ್ನೊಂದು ಟ್ಯಾಂಕ್ ಕೂರಿಸಿಕೊಳ್ಳುವವರು ಬಹಳ ಮಂದಿ. ಟ್ಯಾಂಕ್ ತಂದು, ನಾಲ್ಕು ಬೋಲ್ಟ್ ಬಿಗಿದು, ಒಂದು ಪೈಪ್ ಎಳೆದರೆ ಮುಗಿಯಿತೆಂದು ಕೆಲಸ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಪೈಪ್ ಜೋಡಿಸಿದ ಗಳಿಗೆಯಿಂದ ಆ ಟ್ಯಾಂಕ್ ಗಾಡಿಯ ಇಂಧನ ವ್ಯವಸ್ಥೆಗೇ ಸೇರಿಬಿಡುತ್ತದೆ. ಮುಖ್ಯ ಟ್ಯಾಂಕನ್ನು ತಯಾರಕರು ಏಟು ಬೀಳದ ಜಾಗ ನೋಡಿ, ಅಳೆದು ತೂಗಿ ಇಟ್ಟಿರುತ್ತಾರೆ. ನಾವು ಇಡುವ ಟ್ಯಾಂಕಿಗೆ ಅಂಥ ರಕ್ಷಣೆಯಿಲ್ಲ. ಆದ್ದರಿಂದ ಪ್ರತಿಯೊಂದು ಜೋಡಣೆಯ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಂಡು ಕೆಲಸ ಮಾಡಬೇಕು: ಇದು ಬಿಟ್ಟುಹೋದರೆ ಡೀಸೆಲ್ ಎಲ್ಲಿಗೆ ಹರಿಯುತ್ತದೆ, ಅದನ್ನು ತಡೆಯುವುದು ಯಾವುದು?

ಇಲ್ಲಿ ಹೇಳುವುದೆಲ್ಲ ಡೀಸೆಲ್ ಗಾಡಿಗೆ ಮಾತ್ರ ಅನ್ವಯಿಸುತ್ತದೆ. ಹಲವು ದೇಶಗಳ ಮಾನಕಗಳಲ್ಲಿ ಡೀಸೆಲ್‌ನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುತ್ತದೆ. ಪೆಟ್ರೋಲ್‌ನ ಆವಿ ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲದು. ಪೆಟ್ರೋಲ್ ಗಾಡಿಯ ಆವಿ ನಿಯಂತ್ರಣ ವ್ಯವಸ್ಥೆಯೂ ಬೇರೆಯೇ ಆಗಿರುವುದರಿಂದ ಅಂಥ ಗಾಡಿಗೆ ಈ ವಿಧಾನವನ್ನು ದಯವಿಟ್ಟು ಬಳಸಬೇಡಿ. ಡೀಸೆಲ್ ಎಂದು ಮೈಮರೆಯುವಂತೆಯೂ ಇಲ್ಲ. ಸುಡುಬಿಸಿಲಿನಲ್ಲಿ ನಿಂತ ಗಾಡಿಯ ತಗಡು ಕೈ ಇಡಲಾರದಷ್ಟು ಕಾಯುತ್ತದೆ.

ಟ್ಯಾಂಕ್ ಕೊಳ್ಳುವ ಮೊದಲು ವಾಹನ ನೋಂದಣಿಯ ಕಚೇರಿಯಲ್ಲೂ ವಿಮೆ ಕೊಟ್ಟವರಲ್ಲೂ ಈ ಬದಲಾವಣೆಗೆ ಅನುಮತಿ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅನುಮತಿ ಇಲ್ಲವೆಂದಾದರೆ ಅಲ್ಲಿಗೇ ಬಿಡುವುದು ಒಳಿತು.

ಮುಂದಿನದು ತೂಕದ ಲೆಕ್ಕ. ಒಂದು ಲೀಟರ್ ಡೀಸೆಲ್ ಸುಮಾರು 0.84 ಕೆ.ಜಿ. ತೂಗುತ್ತದೆ. 200 ಲೀಟರ್ ತುಂಬಿದರೆ ಡೀಸೆಲ್ ಒಂದರದೇ 168 ಕೆ.ಜಿ. ಆಯಿತು, ಉಕ್ಕಿನ ಟ್ಯಾಂಕಿನ ತೂಕ 45 ಕೆ.ಜಿ. ಎಂದಿಟ್ಟುಕೊಂಡರೆ ಒಟ್ಟು 213 ಕೆ.ಜಿ., ಅಂದರೆ ಮೂವರು ದೊಡ್ಡವರು ಸದಾ ಹಿಂದೆ ಕುಳಿತಿದ್ದಂತೆ. ಗಾಡಿಯ ಭಾರ ಹೊರುವ ಮಿತಿಯಿಂದ ಇದನ್ನು ಮೊದಲೇ ಕಳೆದು, ಉಳಿದದ್ದನ್ನು ಮಾತ್ರ ಸರಕಿಗೆಂದು ಎಣಿಸಬೇಕು. ಟ್ಯಾಂಕ್ ಬಾಡಿಯ ಮುಂಭಾಗದಲ್ಲಿ, ಹಿಂದಿನ ಆಕ್ಸಲ್‌ಗಿಂತ ಮುಂದೆ, ಕ್ಯಾಬಿನ್ ಕಡೆಯ ತಗಡಿಗೆ ಸಮೀಪವಾಗಿ ಕೂರಬೇಕು. ಹಿಂದಿನ ಡೋರ್ ಬಳಿ ಇಟ್ಟರೆ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಗುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲ ಏಟು ಟ್ಯಾಂಕಿಗೇ ಬೀಳುತ್ತದೆ.

ಹೊಸ ಟ್ಯಾಂಕಿನಿಂದ ಮುಖ್ಯ ಟ್ಯಾಂಕಿಗೆ ಡೀಸೆಲ್ ಸಾಗಿಸುವುದು ಹೇಗೆಂಬುದನ್ನು ಈಗಲೇ ತೀರ್ಮಾನಿಸಬೇಕು, ಏಕೆಂದರೆ ಯಾವ ಟ್ಯಾಂಕ್ ಕೊಳ್ಳಬೇಕು ಎನ್ನುವುದು ಇದರ ಮೇಲೆಯೇ ನಿಂತಿದೆ. ಒಂದು, ಎತ್ತರದಿಂದ ತಾನಾಗಿಯೇ ಇಳಿಯಲು ಬಿಡುವ ವಿಧಾನ: ಟ್ಯಾಂಕಿನ ತಳದಿಂದ ಹೊರಟ ಪೈಪ್, ಮುಖ್ಯ ಟ್ಯಾಂಕಿಗೆ ಇಂಧನ ತುಂಬುವ ದಪ್ಪ ಹೋಸ್‌ನ ನಡುವೆ ಕೂರಿಸಿದ ಟೀ ಜೋಡಣೆಗೆ (T ಆಕಾರದ, ಮೂರು ಬಾಯಿಯ ಕೊಳವೆ ತುಂಡಿಗೆ) ಬಂದು ಸೇರುತ್ತದೆ. ಇನ್ನೊಂದು, 12 ವೋಲ್ಟ್‌ನ ಸಣ್ಣ ಪಂಪ್‌ನಿಂದ ಎತ್ತಿ ಸಾಗಿಸುವ ವಿಧಾನ. ಮೊದಲನೆಯದರಲ್ಲಿ ಕೆಡುವ ಯಂತ್ರವಿಲ್ಲವೆಂದು ಹೆಚ್ಚಿನವರು ಅದನ್ನೇ ಆರಿಸುತ್ತಾರೆ. ಆದರೆ ಅದರ ಕುಂದನ್ನು ಅರಿತು ಆರಿಸಬೇಕು: ಪೈಪ್ ತಳದಲ್ಲಿರುವುದರಿಂದ ಅದು ಹರಿದರೆ ಇಡೀ ಟ್ಯಾಂಕ್ ರಸ್ತೆಯ ಮೇಲೆ ಖಾಲಿಯಾಗುತ್ತದೆ. ಮುಖ್ಯ ಟ್ಯಾಂಕ್ ತುಂಬಿದ ಮೇಲೆ ಡೀಸೆಲ್ ತುಂಬುವ ಕೊಳವೆಯಲ್ಲೂ ಏರಿ ನಿಲ್ಲುತ್ತದೆ; ಮೇಲಿನ ಟ್ಯಾಂಕಿನ ಮಟ್ಟ ಮುಚ್ಚಳಕ್ಕಿಂತ ಎತ್ತರದಲ್ಲಿದ್ದರೆ ಆ ಮುಚ್ಚಳವೊಂದೇ ಅದನ್ನು ಹಿಡಿದಿರುತ್ತದೆ. ಇದು ನನಗೆ ಅನುಭವದಿಂದ ತಿಳಿದ ಮಾತು. ವಾಲ್ವ್ ತೆರೆದಿರುವುದನ್ನು ಮರೆತು ಒಮ್ಮೆ ಮುಖ್ಯ ಟ್ಯಾಂಕಿನ ಮುಚ್ಚಳ ತಿರುವಿದೆ. ಡೀಸೆಲ್ ಕೈ ಮೇಲಿಂದ ತೋಳಿನವರೆಗೆ ಹರಿದು ನೆಲಕ್ಕೆ ಸುರಿಯಿತು. ಓಡಿಹೋಗಿ ವಾಲ್ವ್ ಮುಚ್ಚುವಷ್ಟರಲ್ಲಿ ಗಾಡಿಯ ಕೆಳಗೆ ದೊಡ್ಡ ಮಡುವಾಗಿತ್ತು. ಅಂದಿನಿಂದ ನನ್ನ ಶಿಫಾರಸು ಪಂಪ್‌ನ ಕಡೆಗೇ ವಾಲಿದೆ. ಪಂಪ್ ಇಟ್ಟವರು ಟ್ಯಾಂಕಿನ ನೆತ್ತಿಯಿಂದಲೇ ಕೊಳವೆಯನ್ನು ಒಳಗೆ ಇಳಿಸಬಹುದು. ಮುಖ್ಯ ಟ್ಯಾಂಕ್ ಕೆಳಗಿರುವುದರಿಂದ, ಪಂಪ್ ನಿಂತ ಮೇಲೂ ಡೀಸೆಲ್ ತಾನೇ ಎಳೆದುಕೊಂಡು ಹರಿಯದಂತೆ ತಡೆಯುವ ವಾಲ್ವ್ ಒಂದು ಅಲ್ಲಿ ಇರಬೇಕು.

ಟ್ಯಾಂಕನ್ನು ವಾಹನದ ಇಂಧನಕ್ಕೆಂದೇ ತಯಾರಿಸಿದವರಿಂದ ಕೊಳ್ಳಿರಿ. ಹಳೆಯ ಪೀಪಾಯಿಗೆ ಪೈಪ್ ಬೆಸುಗೆ ಹಾಕಿಸುವ ಯೋಚನೆಯೇ ಬೇಡ. ಒಮ್ಮೆ ಇಂಧನ ಕಂಡ ಪಾತ್ರೆಯಲ್ಲಿ ಉಳಿದ ಆವಿ ವೆಲ್ಡಿಂಗ್ ಕಿಡಿಗೆ ಸಿಡಿದರೆ ಪ್ರಾಣವೇ ಹೋಗಬಹುದು. ಒಳಗೆ ಅಡ್ಡ ತಗಡುಗಳು ಇವೆಯೇ ಎಂದು ವಿಚಾರಿಸಿ. ಅವಿಲ್ಲದಿದ್ದರೆ ಅರ್ಧ ತುಂಬಿದ ಟ್ಯಾಂಕಿನಲ್ಲಿ ಪ್ರತಿ ತಿರುವಿಗೂ ಡೀಸೆಲ್ ಅಲೆಯಂತೆ ಬಡಿದು ಗಾಡಿಯನ್ನು ಎಳೆದಾಡುತ್ತದೆ. ಉಕ್ಕು ಅಥವಾ ಅಲ್ಯೂಮಿನಿಯಂ ಎರಡೂ ಸರಿಯೇ. ಸತುವಿನ ಲೇಪವಿರುವ ತಗಡು, ಜಿಐ ಪೈಪ್, ತಾಮ್ರದ ಕೊಳವೆ ಇವು ಮಾತ್ರ ಡೀಸೆಲ್‌ಗೆ ತಾಗಬಾರದು. ಸತು ನಿಧಾನವಾಗಿ ಕರಗಿ ಇಂಜೆಕ್ಟರ್ ಕಟ್ಟಿಸುತ್ತದೆ, ತಾಮ್ರ ಡೀಸೆಲನ್ನು ಬೇಗ ಕೆಡಿಸುತ್ತದೆ. ಟ್ಯಾಂಕಿನ ಗಾಳಿಕೊಳವೆಯಲ್ಲಿ, ಗಾಡಿ ಮಗುಚಿದರೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇರುವುದು ಅತ್ಯಗತ್ಯ.

ಕೆಲಸವನ್ನು ಬಯಲಿನಲ್ಲಿ ಅಥವಾ ಗಾಳಿ ಚೆನ್ನಾಗಿ ಆಡುವ ಮಾಡಿನ ಕೆಳಗೆ ಮಾಡಿ. ಇಂಧನದ ಆವಿ ಗಾಳಿಗಿಂತ ಭಾರ, ಅದು ತಗ್ಗಿನಲ್ಲಿ ಕೂಡಿಕೊಳ್ಳುತ್ತದೆ. ಹಾಗಾಗಿ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಕೆಳಗಿಳಿದು ಕೆಲಸ ಮಾಡಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ, ಒಣಪುಡಿಯ ಅಗ್ನಿಶಾಮಕವನ್ನು ಕೈಗೆಟುಕುವಲ್ಲಿಡಿ.

ಖಾಲಿ ಟ್ಯಾಂಕನ್ನು ಬಾಡಿಯಲ್ಲಿಟ್ಟು, ಮುಂದಿನ ತಗಡಿಗೂ ಅದಕ್ಕೂ ನಡುವೆ ಎರಡು ಮೂರು ಸೆಂ.ಮೀ. ಬಿಟ್ಟು, ರಂಧ್ರಗಳ ಜಾಗವನ್ನು ಗುರುತು ಮಾಡಿಕೊಳ್ಳಿ. ಡ್ರಿಲ್ ಹಿಡಿಯುವ ಮೊದಲು ಟಾರ್ಚ್ ಹಿಡಿದು ಗಾಡಿಯ ಕೆಳಗೆ ನುಗ್ಗಿ ನೋಡಲೇಬೇಕು. ಬಾಡಿಯ ತಗಡಿನ ಕೆಳಗೇ ಬ್ರೇಕ್ ಪೈಪ್, ವೈರಿಂಗ್, ಎಷ್ಟೋ ಗಾಡಿಗಳಲ್ಲಿ ಮುಖ್ಯ ಟ್ಯಾಂಕಿನ ನೆತ್ತಿಯೇ ಇರುತ್ತದೆ. ಮೇಲೆ ಗುರುತಿಸಿದ ಜಾಗ ಕೆಳಗೆ ಎಲ್ಲಿಗೆ ಬರುತ್ತದೆ ಎಂಬುದನ್ನು ಬಾಡಿಯ ಅಂಚಿನಿಂದ ಅಳತೆ ಹಿಡಿದು ಎರಡೂ ಕಡೆ ತಾಳೆ ನೋಡಿ. ತಗಡು ತೂತಾದ ಕೂಡಲೇ ಬಿಟ್ ಸರಕ್ಕನೆ ಒಳಗೆ ನುಗ್ಗುತ್ತದೆ. ಅದಕ್ಕೆ ತುದಿಯಿಂದ ಒಂದು ಸೆಂ.ಮೀ. ಬಿಟ್ಟು ಬಿಟ್‌ಗೆ ತಡೆಯುಂಗುರ ಬಿಗಿಯುವುದು ಒಳ್ಳೆಯದು. ಕೊರೆದ ಮೇಲೆ ಉಳಿದ ಲೋಹದ ಚೂರುಗಳನ್ನು ಬ್ರಷ್‌ನಿಂದ ಪೂರ್ತಿ ಗುಡಿಸಿ ತೆಗೆಯಿರಿ, ಇಲ್ಲವಾದರೆ ಮೊದಲ ಮಳೆಗೇ ಅವು ತುಕ್ಕಿನ ಚುಕ್ಕೆಗಳಾಗುತ್ತವೆ. ರಂಧ್ರದ ಬರಿಯ ಅಂಚಿಗೆ ಪ್ರೈಮರ್, ಅದರ ಮೇಲೆ ಬಣ್ಣ ಹಚ್ಚಿ ಒಣಗಲು ಬಿಡಿ.

ಟ್ಯಾಂಕಿನ ಅಡಿಗೆ ನೀರು ಹೀರದ ರಬ್ಬರ್ ಹಾಸಿ, ನಾಲ್ಕೂ ಮೂಲೆಗಳಲ್ಲಿ 12 ಮಿ.ಮೀ. ದಪ್ಪದ, ತಲೆಯ ಮೇಲೆ 8.8 ಎಂದು ಗುರುತಿರುವ ಬೋಲ್ಟ್ ಹಾಕಿ. ತೀವ್ರವಾಗಿ ಬ್ರೇಕ್ ಹಾಕಿದಾಗ 213 ಕೆ.ಜಿ. ಟ್ಯಾಂಕ್ ಸುಮಾರು 170 ಕೆ.ಜಿ. ಬಲದಿಂದ ಮುಂದಕ್ಕೆ ತಳ್ಳುತ್ತದೆ. ಡಿಕ್ಕಿಯಾದಾಗ ಆ ಬಲ ಹಲವು ಪಟ್ಟಾಗುತ್ತದೆ. ಬೋಲ್ಟ್ ಮುರಿಯುವುದು ಅಪರೂಪ, ತೆಳು ತಗಡು ಹರಿದು ಬೋಲ್ಟ್ ಕಿತ್ತು ಬರುವುದೇ ಹೆಚ್ಚು. ಆದ್ದರಿಂದ ಸಾದಾ ವಾಷರ್ ಸಾಲದು. ಅಂಗೈಯಗಲದ, 5 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯನ್ನು ಕೆಳಗಿನಿಂದ ಕೊಟ್ಟು, ಸಾಧ್ಯವಾದಲ್ಲಿ ಅದು ಬಾಡಿಯ ಅಡ್ಡ ತೊಲೆಗೂ ಹಾಯುವಂತೆ ಮಾಡಿ, ನೈಲಾನ್ ನಟ್‌ನಿಂದ ಬಿಗಿಯಬೇಕು.

ಇನ್ನು ಪೈಪ್‌ಗಳು. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೆ. ಟೀ ಕೂರಿಸುವುದಾದರೆ ಮುಖ್ಯ ಟ್ಯಾಂಕಿನಲ್ಲಿ ಇಂಧನ ಕಡಿಮೆ ಇರುವ ದಿನ ಆರಿಸಿಕೊಳ್ಳಿ. ಮುಚ್ಚಳದಿಂದ ಟ್ಯಾಂಕಿಗೆ ಸಾಮಾನ್ಯವಾಗಿ ಎರಡು ಹೋಸ್‌ಗಳು ಜೊತೆಯಾಗಿ ಇಳಿಯುತ್ತವೆ. ದಪ್ಪನೆಯದು ಇಂಧನ ತುಂಬುವಂಥದು, ಸಣ್ಣದು ಗಾಳಿ ಹೊರಹೋಗುವಂಥದು. ಕತ್ತರಿಸಬೇಕಾದದ್ದು ದಪ್ಪನೆಯದನ್ನು ಮಾತ್ರ. ಹರಿತವಾದ ಚಾಕುವಿನಿಂದ ನೇರವಾಗಿ ಕತ್ತರಿಸಿ, ಟೀಯ ಕವಲು ಇಂಧನ ಇಳಿಯುವ ದಿಕ್ಕಿಗೇ ಓರೆಯಾಗುವಂತೆ ಕೂರಿಸಿ, ಎರಡೂ ಕಡೆ ಜೋಡಿ ಕ್ಲಾಂಪ್ ಹಾಕಿ. ಪಂಪ್‌ನವರಿಗೂ ಡೀಸೆಲ್ ಬಂದು ಸೇರುವ ಜಾಗ ಇದೇ.

ಹೋಸ್ ಮೇಲೆ ಅದು ಇಂಧನಕ್ಕೆ ತಕ್ಕದ್ದೆಂದು ಅಚ್ಚಾಗಿರಬೇಕು. ರೇಡಿಯೇಟರ್ ಹೋಸ್ ಅಥವಾ ನೀರಿನ ಪೈಪ್ ಒಳಗಿನಿಂದ ಉಬ್ಬಿ ಮೆತ್ತಗಾಗುತ್ತದೆ. ತಳದಿಂದ ಪೈಪ್ ತೆಗೆದವರು ಬಾಲ್ ವಾಲ್ವನ್ನು ಟ್ಯಾಂಕಿನ ಬಾಯಿಗೇ ಹತ್ತಿಸಿ ಕೂರಿಸಬೇಕು, ಹೋಸ್‌ನ ಮಧ್ಯದಲ್ಲಲ್ಲ. ಹೋಸ್ ಎಲ್ಲಿ ಹರಿದರೂ ವಾಲ್ವ್ ಅದರ ಮೇಲ್ಭಾಗದಲ್ಲಿಯೇ ಇರಬೇಕು ಎನ್ನುವುದು ಇದರ ತಾತ್ಪರ್ಯ. ವಾಲ್ವ್‌ನ ನಂತರ ಫಿಲ್ಟರ್, ಅದರ ಮುಂದೆ ಮುಖ್ಯ ಟ್ಯಾಂಕ್ ತುಂಬಿದಾಗ ಹರಿವನ್ನು ತಡೆಯುವ ಫ್ಲೋಟ್ ವಾಲ್ವ್ ಬರುತ್ತವೆ. ಬಾಡಿಯ ತಗಡನ್ನು ತೂರಿ ಹೋಗುವಲ್ಲಿ ರಬ್ಬರ್ ಗ್ರಾಮೆಟ್ (ರಂಧ್ರದ ಅಂಚಿಗೆ ಕೂರುವ ಉಂಗುರ) ಹಾಕಿ. ಸೈಲೆನ್ಸರ್ ಪೈಪ್‌ನಿಂದ ಕನಿಷ್ಠ 15 ಸೆಂ.ಮೀ. ದೂರವಿರಲಿ, ಅರ್ಧ ಮೀಟರಿಗೊಂದರಂತೆ ಕ್ಲಿಪ್ ಹಿಡಿದು ಚಾಸಿಗೆ ಕಟ್ಟಿರಲಿ.

ನಾನು ಹಾಕಿದ ಒಂದು ಹೋಸ್ ಚಾಸಿಯ ಅಡ್ಡಪಟ್ಟಿಯ ಅಂಚಿಗೆ ಸ್ವಲ್ಪವೇ ತಾಗಿಕೊಂಡಿತ್ತು. ಹಾಕಿದ ದಿನ ನಡುವೆ ಕಾಗದ ತೂರಿಸುವಷ್ಟು ಸಂದು ಇತ್ತು, ಸಾಕೆಂದುಕೊಂಡೆ. ಕೆಲವು ತಿಂಗಳ ಮೇಲೆ ಕೆಸರು ತೊಳೆದು ನೋಡಿದರೆ, ಆ ಜಾಗದಲ್ಲಿ ಕಪ್ಪು ರಬ್ಬರ್ ಉಗುರಿನಗಲ ಸವೆದುಹೋಗಿ, ಒಳಗಿನ ನೂಲಿನ ಹೆಣಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೊಂದು ಪ್ರಯಾಣಕ್ಕೆ ಅದು ತೂತಾಗುತ್ತಿತ್ತೇನೋ. ಗಾಡಿ ನಿಂತಾಗ ಕಾಣುವ ಸಂದು, ಬಾಡಿ ಅಲುಗುವಾಗ ಇರುವುದಿಲ್ಲ. ಲೋಹದ ಅಂಚಿನಿಂದ ಎರಡು ಬೆರಳಗಲ ದೂರವಿಲ್ಲದ ಕಡೆಯೆಲ್ಲ ಹೋಸ್‌ಗೆ ಇನ್ನೊಂದು ದಪ್ಪ ಹೋಸ್‌ನ ತುಂಡನ್ನು ಕವಚವಾಗಿ ತೊಡಿಸಿ.

ಪಂಪ್‌ನ ವೈರಿಂಗ್ ಸರಳವಾದದ್ದು. ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್, ಕೀ ಆಫ್ ಮಾಡಿದರೆ ಪಂಪ್ ನಿಲ್ಲುವಂತೆ ರಿಲೇ, ಜೊತೆಗೆ ಒಂದು ಟೈಮರ್ ಬೇಕು. ನಿಮಿಷಕ್ಕೆ 2 ಲೀಟರ್ ಸಾಗಿಸುವ ಪಂಪ್ ಆದರೆ 10 ನಿಮಿಷಕ್ಕೆ 20 ಲೀಟರ್. ಅಷ್ಟಕ್ಕೆ ತಾನಾಗಿ ನಿಂತರೆ, ಮರೆತರೂ ಮುಖ್ಯ ಟ್ಯಾಂಕ್ ಉಕ್ಕುವ ಭಯವಿರುವುದಿಲ್ಲ.

ಬಾಡಿಗೆ ಪ್ಲಾಸ್ಟಿಕ್ ಹಾಸು ಇದ್ದರೆ ಟ್ಯಾಂಕ್ ಅದರ ಮೇಲೆ ವಿದ್ಯುತ್ ಸಂಪರ್ಕವಿಲ್ಲದೆ ಕುಳಿತಿರುತ್ತದೆ. ನಾವೇ ಹಾಕಿದ ರಬ್ಬರ್ ಕೂಡ ಹಾಗೆಯೇ ಮಾಡುತ್ತದೆ. ಇಂಧನ ಹರಿಯುವಾಗ ಹುಟ್ಟುವ ಸ್ಥಿರವಿದ್ಯುತ್ ಇಳಿದುಹೋಗಲು ದಾರಿಯಿಲ್ಲದಿದ್ದರೆ, ತುಂಬುವ ನಳಿಕೆ ತಾಗಿದಾಗ ಕಿಡಿ ಹಾರಬಹುದು. ಟ್ಯಾಂಕಿನ ಲೋಹದ ಕಿವಿಯಿಂದ ಚಾಸಿಗೆ ದಪ್ಪ ತಂತಿ ಎಳೆದು, ಎರಡೂ ತುದಿಗಳಲ್ಲಿ ಬಣ್ಣ ಕೆರೆದು ಬಿಗಿದು, ಮಲ್ಟಿಮೀಟರ್‌ನಲ್ಲಿ 10 ಓಮ್‌ಗಿಂತ ಕಡಿಮೆ ತೋರಿಸುತ್ತದೆಯೇ ಎಂದು ನೋಡಿ.

ಸೋರಿಕೆ ಪರೀಕ್ಷೆಗೆಂದು ಟ್ಯಾಂಕಿಗೆ ಕಂಪ್ರೆಸರ್‌ನ ಗಾಳಿ ಬಿಡಬೇಡಿ. ಒಂದು ಮೀಟರ್ ಉದ್ದ, 60 ಸೆಂ.ಮೀ. ಎತ್ತರದ ಪಕ್ಕೆಯ ಮೇಲೆ ಬರೀ 1 ಬಾರ್ ಒತ್ತಡ ಬಿದ್ದರೂ ಅದು ಸುಮಾರು 6 ಟನ್ ಬಲವಾಗುತ್ತದೆ. ಬೆಸುಗೆ ಬಾಯ್ಬಿಡಲು ಅಷ್ಟು ಸಾಕು. ಬದಲಿಗೆ 20 ಲೀಟರ್ ಡೀಸೆಲ್ ಹಾಕಿ, ಎಲ್ಲ ಜೋಡಣೆಗಳನ್ನು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ರಾತ್ರಿಯೆಲ್ಲ ಬಿಡಿ. ಎಲ್ಲಿ ತೇವ ಬಂದರೂ ಬೆಳಿಗ್ಗೆ ಪುಡಿ ಕಪ್ಪಾಗಿ ಕಾಣುತ್ತದೆ. ಅದಾದ ಮೇಲೆ ಮುಖ್ಯ ಟ್ಯಾಂಕಿಗೆ ಹರಿಸಿ ನೋಡಿ, ಉಬ್ಬುತಗ್ಗಿನ ದಾರಿಯಲ್ಲಿ ಓಡಿಸಿ ಬನ್ನಿ, ಇನ್ನೊಮ್ಮೆ ಪರೀಕ್ಷಿಸಿ. ಸುಮಾರು 100 ಕಿ.ಮೀ. ಓಡಿದ ಬಳಿಕ ಬೋಲ್ಟ್ ಮತ್ತು ಕ್ಲಾಂಪ್‌ಗಳನ್ನು ಮತ್ತೆ ಬಿಗಿಯಬೇಕು. ರಬ್ಬರ್ ಅಷ್ಟರಲ್ಲಿ ಕುಗ್ಗಿರುತ್ತದೆ.

ಟ್ಯಾಂಕನ್ನು ಕಂಠದವರೆಗೆ ತುಂಬದೆ 95 ಶೇಕಡಾಕ್ಕೆ ನಿಲ್ಲಿಸಿ. 200 ಲೀಟರ್ ಡೀಸೆಲ್ 20 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಮೂರು ಲೀಟರಿಗೂ ಮೀರಿ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ತಾನಾಗಿ ಇಳಿಯುವ ವಿಧಾನದವರು ಮುಖ್ಯ ಟ್ಯಾಂಕ್ ಅರ್ಧಕ್ಕಿಳಿದ ಮೇಲೆ ವಾಲ್ವ್ ತೆರೆದು, ತುಂಬಿದ ಕೂಡಲೇ ಮುಚ್ಚಿಬಿಡಿ. ಸದಾ ತೆರೆದಿಟ್ಟರೆ ಮೇಲಿನ ಟ್ಯಾಂಕ್ ಖಾಲಿಯಾಗುವವರೆಗೂ ಮೀಟರ್ ತುಂಬಿದೆಯೆಂದೇ ತೋರಿಸುತ್ತಿರುತ್ತದೆ. ‘ಮೊದಲು ಮೇಲಿನ ವಾಲ್ವ್ ಮುಚ್ಚಿ’ ಎಂದು ಮುಖ್ಯ ಟ್ಯಾಂಕಿನ ಮುಚ್ಚಳದ ಬಾಗಿಲಿನ ಒಳಬದಿಯಲ್ಲಿ ಅಳಿಸದ ಬಣ್ಣದಲ್ಲಿ ಬರೆದಿಡಿ, ಏಕೆಂದರೆ ಇಂಧನ ತುಂಬಿಸುವವರು ಪ್ರತಿ ಸಲವೂ ನೀವೇ ಆಗಿರುವುದಿಲ್ಲ.

ತಿಂಗಳಿಗೊಮ್ಮೆ ಟ್ಯಾಂಕಿನ ತಳದ ಡ್ರೇನ್ ಸಡಿಲಿಸಿ ಒಂದು ಗಾಜಿನ ಲೋಟದಷ್ಟು ಹೊರಗೆ ಬಿಟ್ಟು ನೋಡಿ. ರಾತ್ರಿಯ ತಂಪಿಗೆ ಟ್ಯಾಂಕಿನೊಳಗೆ ಕೂಡಿದ ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ಲೋಟದ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ನೀರಿನ ಮೇಲ್ಪದರದಲ್ಲಿ ಕಂದು ಲೋಳೆ ಕಂಡರೆ ಸೂಕ್ಷ್ಮಜೀವಿಗಳು ಬೆಳೆದಿವೆ ಎಂದು ಅರ್ಥ. ಆಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತೊಳೆದು ಒಣಗಿಸಿ, ಫಿಲ್ಟರ್ ಬದಲಿಸಿದ ನಂತರವೇ ವಾಲ್ವನ್ನು ಮತ್ತೆ ತೆರೆಯಿರಿ.