ನಿಮ್ಮ ಡಬ್ಬಿಯ ಕಥೆ ಪಕ್ಕದವರ ಬಾಯಲ್ಲಿ

ಇದು ಗುಂಪಾಗಿ ಕೂತು ಕಥೆ ಹೇಳುವ ಆಟ: ಇಬ್ಬಿಬ್ಬರು ಜೋಡಿಯಾಗಿ ತಾವು ತಂದ ವಸ್ತುವಿನ ಕಥೆ ಹೇಳಿಕೊಳ್ಳುತ್ತಾರೆ, ಆಮೇಲೆ ಎಲ್ಲರೂ ವೃತ್ತವಾಗಿ ಕೂತಾಗ ಒಬ್ಬರ ಕಥೆಯನ್ನು ಅವರ ಜೋಡಿಯವರು ಹೇಳುತ್ತಾರೆ. ಇದಕ್ಕೆ ಎಂಟು ಜನ ಸಾಕು. ಹತ್ತು ದಾಟಿದರೆ ಕೊನೆಯವರ ಸರದಿ ಬರುವಷ್ಟರಲ್ಲಿ ಕೇಳುವವರು ಸುಸ್ತಾಗಿರುತ್ತಾರೆ. ಜೋಡಿ ಮಾಡಬೇಕಾದ್ದರಿಂದ ಸಂಖ್ಯೆ ಸಮ ಇರಲಿ. ಭಾನುವಾರ ಹತ್ತೂವರೆಗೆ ಕರೆದು ಹನ್ನೊಂದಕ್ಕೆ ಶುರು ಮಾಡಿ. ಬೆಂಗಳೂರಿನ ಟ್ರಾಫಿಕ್ಕಿಗೆ ಅಷ್ಟು ಕಪ್ಪ ಕೊಡಲೇಬೇಕು. ರಸ್ತೆಬದಿಯ ಹಾಲ್ ಬೇಡ, ಹಾರ್ನ್ ಸದ್ದಿನಲ್ಲಿ ಮೆಲುದನಿಯವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಮೊದಲೇ ವಾಟ್ಸಾಪ್‌ನಲ್ಲಿ ತಿಳಿಸಿ: "ಕೈಯಲ್ಲಿ ಹಿಡಿಯುವಂಥ, ದಿನಾ ಬಳಸಿದ ಒಂದು ವಸ್ತು ತನ್ನಿ. ಬಂಗಾರ, ಟ್ರೋಫಿ ಬೇಡ." ಟ್ರೋಫಿ ಬಂದರೆ ಮಾತು ಸಾಧನೆಯ ಕಡೆ ಹೊರಳುತ್ತದೆ. ಹಳೆಯ ಬಿಎಂಟಿಸಿ ಪಾಸ್, ಕೀ ಕೊಡುವ ಎಚ್‌ಎಂಟಿ ವಾಚು, ಊಟದ ಡಬ್ಬಿ ಇಂಥವು ಚೆನ್ನ. ಮರೆತು ಬಂದವರಿಗೆ ಜೇಬಿನಲ್ಲಿರುವ ಮನೆ ಬೀಗದ ಕೈಯೇ ಆಯಿತು.

ಜೋಡಿಯಾಗಿ ಕೂತ ಮೇಲೆ ಮೊದಲ ಎರಡು ನಿಮಿಷ ವಸ್ತು ಕೇಳುವವರ ಕೈಯಲ್ಲಿರಲಿ, ಮಾತು ಬೇಡ. ಸ್ಟೀಲ್ ಡಬ್ಬಿಯಾದರೆ ತಿರುಗಿಸಿದಾಗ ಕೊರೆಸಿದ ಹೆಸರು ಬೆರಳಿಗೆ ಸಿಗುತ್ತದೆ, "ಇದು ಯಾರ ಹೆಸರು?" ಎಂಬಲ್ಲಿಂದ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ನಾಲ್ಕು ನಿಮಿಷ ವಸ್ತುವಿನವರು ಹೇಳಲಿ. ಎಲ್ಲಿ, ಯಾವಾಗ, ಯಾರು ಅಂತ ಕೇಳಬಹುದು. "ಯಾಕೆ" ಬೇಡ, ಅದು ಪಂಚಾಯ್ತಿ ಕಟ್ಟೆಯ ವಿಚಾರಣೆಯಂತಿರುತ್ತದೆ. ನಂತರ ಅದಲು ಬದಲು. ಎಲ್ಲರೂ ವೃತ್ತಕ್ಕೆ ಬರುವ ಮುಂಚೆ "ಇದರಲ್ಲಿ ಯಾವುದನ್ನು ಹೇಳಬಾರದು?" ಎಂದು ಪರಸ್ಪರ ಕೇಳಿಕೊಳ್ಳಲಿ. ಇದನ್ನು ಬಿಟ್ಟ ಗುಂಪುಗಳಲ್ಲೇ ಮನಸ್ತಾಪ ಹುಟ್ಟುವುದು.

ವೃತ್ತದಲ್ಲಿ ಕೇಳಿದವರೇ ಆ ವಸ್ತು ಹಿಡಿದು ಎರಡು ನಿಮಿಷ "ನಾನು" ಎಂದೇ ಕಥೆ ಹೇಳಬೇಕು. "ಅವರಮ್ಮ ಡಬ್ಬಿ ಕಟ್ಟುತ್ತಿದ್ದರು" ಅಂದರೆ ವರದಿಯಾಯಿತು. "ನಮ್ಮಮ್ಮ" ಎನ್ನುವಾಗ ದನಿ ತಾನೇ ತಗ್ಗುತ್ತದೆ. ನಟನೆ, ಮಾತಿನ ಧಾಟಿಯ ಅಣಕ ಕೂಡದು. ಮುಗಿದ ಮೇಲೆ ವಸ್ತುವಿನವರಿಗೆ ತಿದ್ದಲು ಒಂದು ನಿಮಿಷ. ಈ ತಿದ್ದುಪಡಿಯನ್ನು ಗಮನವಿಟ್ಟು ಕೇಳಿ: "ನನಗೆ ಸಿಟ್ಟು ಬಂದಿರಲಿಲ್ಲ, ನಾಚಿಕೆಯಾಗಿತ್ತು" ಎಂಬಂಥ ಮಾತು ಬರುವುದು ಇಲ್ಲೇ.

ಎಂಟು ಜನಕ್ಕೆ ಒಟ್ಟು ಒಂದು ಗಂಟೆ ಹಿಡಿಯುತ್ತದೆ. ಕನ್ನಡ, ತಮಿಳು, ದಖನಿ ಯಾವುದರಲ್ಲಾದರೂ ಹೇಳಲಿ, ಜೋಡಿಯವರಿಗೆ ಅರ್ಥವಾದರಾಯಿತು.

ಕೆಡಿಸುವವರು ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನವರೇ. ಒಬ್ಬರು ಬುದ್ಧಿವಾದಕ್ಕೆ ಇಳಿಯುತ್ತಾರೆ, ಇನ್ನೊಬ್ಬರು "ನಮ್ಮನೇಲೂ ಹಿಂಗೇ ಆಗಿತ್ತು" ಎಂದು ಕಥೆಯನ್ನೇ ಕಸಿದುಕೊಳ್ಳುತ್ತಾರೆ. "ಕಾಫಿ ಹೊತ್ತಿಗೆ ಹೇಳಿ" ಎಂದು ತಡೆಯಿರಿ. ಯಾರಾದರೂ ಅತ್ತರೆ ನೀರು ಕೊಟ್ಟು ಸುಮ್ಮನಿರಿ. ಮುಂದುವರಿಸುವುದು ಬಿಡುವುದು ಅವರ ಇಷ್ಟ. ಫೋಟೋ ಬೇಡವೇ ಬೇಡ. ಕೊನೆಗೆ ವಸ್ತುವನ್ನು ನೆಲದ ಮೇಲಿಡದೆ, ಅವರವರ ಕೈಗೇ ಕೊಟ್ಟು ಏಳಿ.